ಲೆಕ್ಕಪುಸ್ತಕದ ಆಯುಷ್ಯ, ಉಕ್ಕಿನ ಆಯುಷ್ಯ: ಲೋಹ ಸಂಸ್ಕರಣೆಯ ಒತ್ತಡ ಪಾತ್ರೆಗಳ ಬಾಳಿಕೆ ಮತ್ತು ಸುರಕ್ಷತೆ

ಕಂಪನಿಗಳ ಅಧಿನಿಯಮ, 2013ರ ಎರಡನೆಯ ಅನುಸೂಚಿಯು ಸ್ಥಿರಾಸ್ತಿಗಳ ಉಪಯುಕ್ತ ಆಯುಷ್ಯವನ್ನು ಪಟ್ಟಿ ಮಾಡಿದೆ. ಸವಕಳಿಯನ್ನು ಲೆಕ್ಕ ಹಾಕುವವರಿಗೆ ಇದು ನಿತ್ಯದ ಕೈಪಿಡಿ. ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷ. ಕಬ್ಬಿಣೇತರ ಲೋಹಗಳ ರೋಲಿಂಗ್ ಮಿಲ್ಲು ಹಾಗೂ ಅನೀಲಿಂಗ್ ಕುಲುಮೆಗಳಿಗೆ 30 ವರ್ಷ. ಅದೇ ಲೋಹಗಳ ತಯಾರಿಕೆಯಲ್ಲಿ ಬರುವ ‘ಡೈಜೆಸ್ಟರ್ ವಿಭಾಗ’ಕ್ಕೆ 40 ವರ್ಷ. ಅವಧಿ ಮುಗಿದ ಮೇಲೂ ಮೂಲ ವೆಚ್ಚದ ಶೇ. 5ನ್ನು ಮೀರದ ಉಳಿಕೆ ಮೌಲ್ಯವೊಂದು ಪುಸ್ತಕದಲ್ಲಿ ಉಳಿಯುತ್ತದೆ.

ಈ ನಲವತ್ತು ಎಂಬ ಅಂಕಿ ಬಂಡವಾಳವನ್ನು ವರ್ಷವರ್ಷಕ್ಕೆ ಹಂಚಲು ಶಾಸಕಾಂಗವು ಒದಗಿಸಿದ ಒಂದು ಅನುಕೂಲ. ಅದು ಉಕ್ಕಿನ ತಟ್ಟೆಯನ್ನಾಗಲಿ ಬೆಸುಗೆಯನ್ನಾಗಲಿ ಪರೀಕ್ಷಿಸಿ ಬರೆದದ್ದಲ್ಲ. ಆದರೂ ಉದ್ಯಮ ವಲಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಆಗಾಗ ಕಾಣಸಿಗುತ್ತದೆ. ಸವಕಳಿ ಇನ್ನೂ ಬಾಕಿಯಿರುವ ಪಾತ್ರೆ ಗಟ್ಟಿಯಾಗಿದೆ ಎಂಬುದು ಒಂದು. ಸವಕಳಿ ಮುಗಿದರೂ ಕೆಲಸ ಮಾಡುತ್ತಿರುವ ಪಾತ್ರೆ ಬಿಟ್ಟಿಯಾಗಿ ದುಡಿಯುತ್ತಿದೆ ಎಂಬುದು ಇನ್ನೊಂದು. ಅಧಿಕ ತಾಪ ಮತ್ತು ಅಧಿಕ ಒತ್ತಡದಲ್ಲಿ ದುಡಿಯುವ ಪಾತ್ರೆಗಳ ವಿಷಯದಲ್ಲಿ ಈ ಎರಡೂ ತಿಳಿವಳಿಕೆಗಳು ಅಪಾಯಕಾರಿ.

ಡೈಜೆಸ್ಟರ್ ಎಂಬುದೇನು?

ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಿಯಂ ನೇರವಾಗಿ ದೊರೆಯುವುದಿಲ್ಲ. ಮೊದಲು ಅದಿರನ್ನು ಪುಡಿ ಮಾಡಿ, ಕಾಸ್ಟಿಕ್ ಸೋಡಾ ದ್ರಾವಣದೊಡನೆ ಒತ್ತಡದಲ್ಲಿ ಬೇಯಿಸಿ, ಕರಗಿದ ಅಂಶದಿಂದ ಅಲ್ಯುಮಿನಾವನ್ನು ಬೇರ್ಪಡಿಸಬೇಕು. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಯೋಸೆಫ್ ಬೇಯರ್ 1880ರ ದಶಕದ ಕೊನೆಯಿಂದ 1892ರವರೆಗೆ ರೂಪಿಸಿದ ಈ ವಿಧಾನವನ್ನೇ ಪ್ರಪಂಚದ ಬಹುಪಾಲು ಅಲ್ಯುಮಿನಾ ಸ್ಥಾವರಗಳು ಇಂದಿಗೂ ಅನುಸರಿಸುತ್ತವೆ. ಬೆಳಗಾವಿಯ ಅಲ್ಯುಮಿನಾ ಸ್ಥಾವರದಿಂದಾಗಿ ಕರ್ನಾಟಕದ ವರ್ತಕರಿಗೂ ಈ ಉದ್ಯಮ ಅಪರಿಚಿತವಲ್ಲ.

ಸುಲಭವಾಗಿ ಕರಗುವ ಜಾತಿಯ ಬಾಕ್ಸೈಟಿಗೆ ಸುಮಾರು 140ರಿಂದ 150 ಡಿಗ್ರಿ ಸೆಲ್ಸಿಯಸ್ ತಾಪ ಸಾಕು. ಗಡುಸು ಜಾತಿಗೆ 240 ಡಿಗ್ರಿಯೂ ಅದಕ್ಕಿಂತ ಹೆಚ್ಚೂ ಬೇಕು. ನೀರು ಬೆರೆತ ದ್ರಾವಣವನ್ನು ಅಷ್ಟು ಕಾಯಿಸಿಯೂ ಕುದಿದು ಆವಿಯಾಗದಂತೆ ಹಿಡಿದಿಡಬೇಕಾದರೆ ಒತ್ತಡ ಅನಿವಾರ್ಯ. 250 ಡಿಗ್ರಿಯಲ್ಲಿ ಶುದ್ಧ ನೀರಿನ ಆವಿಯ ಒತ್ತಡ ಸುಮಾರು 40 ಬಾರ್. 50 ಸೆಂಟಿಮೀಟರ್ ವ್ಯಾಸದ ಒಂದು ಮುಚ್ಚಳದ ಮೇಲೆ ಅಷ್ಟು ಒತ್ತಡ ಬಿದ್ದರೆ ಅದು ಸುಮಾರು 80 ಟನ್ ಭಾರಕ್ಕೆ ಸಮ. ತಲಾ 16 ಟನ್ ಹೇರಿದ ಐದು ಲಾರಿ ಸರಕನ್ನು ಆ ಒಂದು ಮುಚ್ಚಳದ ಮೇಲೆ ಪೇರಿಸಿದಂತೆ. ಬೆಂದ ದ್ರಾವಣವನ್ನು ಒಮ್ಮೆಗೇ ಹೊರಬಿಡಲಾಗದು. ಒಂದರ ನಂತರ ಒಂದರಂತೆ ಜೋಡಿಸಿದ ಫ್ಲಾಶ್ ಟ್ಯಾಂಕುಗಳಲ್ಲಿ ಹಂತಹಂತವಾಗಿ ಒತ್ತಡ ಇಳಿಸಿ, ಹೊಮ್ಮುವ ಆವಿಯನ್ನು ಹೊಸ ದ್ರಾವಣ ಕಾಯಿಸಲು ಮರಳಿ ಬಳಸುತ್ತಾರೆ. ಇಂಧನದ ಉಳಿತಾಯವೆಲ್ಲ ಈ ಏರ್ಪಾಟಿನಲ್ಲಿದೆ.

ಮನೆಯ ಪ್ರೆಷರ್ ಕುಕ್ಕರ್ ಇದರ ಕಿರಿಯ ಬಂಧು. ಕುಕ್ಕರಿನ ವಿಷಯದಲ್ಲಿ ನಮ್ಮ ಗೃಹಿಣಿಯರು ಅನುಸರಿಸುವ ಪದ್ಧತಿಯನ್ನು ಅನೇಕ ಕಾರ್ಖಾನೆಗಳು ಅನುಸರಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಕುಕ್ಕರ್ ಕೊಂಡು ಎಷ್ಟು ವರ್ಷವಾಯಿತೆಂದು ಅವರು ಎಣಿಸುತ್ತ ಕೂರುವುದಿಲ್ಲ. ಗ್ಯಾಸ್ಕೆಟ್ ಸಡಿಲವಾಯಿತೇ, ವೆಯ್ಟಿನ ರಂಧ್ರದಲ್ಲಿ ಅನ್ನದ ಅಗುಳು ಕಟ್ಟಿತೇ ಎಂದು ದಿನವೂ ನೋಡುತ್ತಾರೆ.

ಗ್ರಾಮರ್ಸಿಯ ಬೆಳಗಿನ ಜಾವ

ರಂಧ್ರ ಕಟ್ಟಿಕೊಂಡರೆ ಏನಾಗುತ್ತದೆಂಬುದಕ್ಕೆ ಈ ಉದ್ಯಮದ ಅತಿ ದೊಡ್ಡ ನಿದರ್ಶನ ಅಮೆರಿಕದ ಲೂಸಿಯಾನಾ ರಾಜ್ಯದ ಗ್ರಾಮರ್ಸಿ ಎಂಬಲ್ಲಿ ಒದಗಿತು. ಅಲ್ಲಿನ ಕೈಸರ್ ಅಲ್ಯುಮಿನಂ ಕಂಪನಿಯ ಸ್ಥಾವರವು ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಅಲ್ಯುಮಿನಾ ತಯಾರಿಸುವ ಸಾಮರ್ಥ್ಯ ಹೊಂದಿತ್ತು. 1999ರ ಜುಲೈ 5ರ ಬೆಳಗಿನ ಜಾವ ಸ್ಥಾವರದಲ್ಲಿ ವಿದ್ಯುತ್ ಕಡಿತವಾಯಿತು. ದ್ರಾವಣವನ್ನು ಮುಂದಕ್ಕೆ ಸಾಗಿಸುವ ಪಂಪುಗಳು ನಿಂತವು. ಹರಿವು ನಿಂತಿತೇ ಹೊರತು ಒಳಗಿನ ಬಿಸಿ ಇಳಿಯಲಿಲ್ಲ. ಫ್ಲಾಶ್ ಟ್ಯಾಂಕುಗಳಲ್ಲಿ ಒತ್ತಡ ಏರತೊಡಗಿತು. ಆ ಒತ್ತಡವನ್ನು ಹೊರಹಾಕಬೇಕಾಗಿದ್ದ ವ್ಯವಸ್ಥೆ ತನ್ನ ಕೆಲಸ ಮಾಡಲಿಲ್ಲ. ಟ್ಯಾಂಕುಗಳು ಸಿಡಿದವು. ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಹಲವರು ಕಾಸ್ಟಿಕ್ ದ್ರಾವಣದಿಂದ ತೀವ್ರವಾಗಿ ಸುಟ್ಟುಹೋದರು.

ಅಮೆರಿಕದ ಗಣಿ ಸುರಕ್ಷತಾ ಆಡಳಿತವು ತನಿಖೆ ನಡೆಸಿ, ಫ್ಲಾಶ್ ಟ್ಯಾಂಕುಗಳಲ್ಲಿ ಉಂಟಾದ ಅತಿಯಾದ ಒತ್ತಡವೇ ಸ್ಫೋಟದ ಕಾರಣವೆಂದು ನಿರ್ಣಯಿಸಿತು. ಬಾಕ್ಸೈಟ್ ದ್ರಾವಣಕ್ಕೆ ಒಂದು ಸ್ವಭಾವವಿದೆ. ಅದು ಹರಿದಲ್ಲೆಲ್ಲ ಕಲ್ಲಿನಂಥ ಪೊರೆಯನ್ನು ಕಟ್ಟುತ್ತದೆ; ನಮ್ಮ ಬಾವಿಯ ಗಡಸು ನೀರು ಗೀಸರಿನೊಳಗೆ ಕಟ್ಟುವ ಬಿಳಿ ಪೊರೆಯ ಹಾಗೆ, ಅದಕ್ಕಿಂತ ಬಹುಪಾಲು ಗಟ್ಟಿಯಾಗಿ. ಒತ್ತಡ ಬಿಡುಗಡೆಯ ಕೊಳವೆಯಲ್ಲಿ ಈ ಪೊರೆ ಕಟ್ಟಿದರೆ ಸೇಫ್ಟಿ ವಾಲ್ವು ಎಷ್ಟೇ ಉತ್ತಮವಾಗಿದ್ದರೂ ಪ್ರಯೋಜನವಿಲ್ಲ. ವಾಲ್ವಿನ ಹಿಂದೆ ಮುಂದೆ ಇರುವ ದಾರಿಯೂ ವಾಲ್ವಿನಷ್ಟೇ ಮುಖ್ಯ.

ಈ ಘಟನೆಯ ವಾಣಿಜ್ಯ ಮುಖವೂ ಗಮನಾರ್ಹ. ಸ್ಥಾವರವು ಸುಮಾರು ಒಂದೂವರೆ ವರ್ಷ ಮುಚ್ಚಿತ್ತು. 2000ದ ಡಿಸೆಂಬರ್‌ನಲ್ಲಷ್ಟೇ ಭಾಗಶಃ ಉತ್ಪಾದನೆ ಪುನಃ ಆರಂಭವಾಯಿತು. ಅಷ್ಟರೊಳಗೆ ಪ್ರಪಂಚದ ಬಿಡಿ ಮಾರುಕಟ್ಟೆಯಲ್ಲಿ ಅಲ್ಯುಮಿನಾ ದರ ದುಪ್ಪಟ್ಟನ್ನು ಮೀರಿ ಏರಿತ್ತು. ದೀರ್ಘಾವಧಿ ಒಪ್ಪಂದವಿಲ್ಲದೆ ಬಿಡಿಯಾಗಿ ಅಲ್ಯುಮಿನಾ ಕೊಳ್ಳುತ್ತಿದ್ದ ಸ್ಮೆಲ್ಟರುಗಳಿಗೆ, ಎಲ್ಲಿಯೋ ಒಂದೂರಿನಲ್ಲಿ ಕೆಲವು ಟ್ಯಾಂಕುಗಳು ಸಿಡಿದುದರ ಬೆಲೆ ತಮ್ಮ ಖರೀದಿ ಖಾತೆಯಲ್ಲಿ ಕಾಣಿಸಿತು.

ಆರು ವರ್ಷಕ್ಕೇ ಮುಗಿದ ಆಯುಷ್ಯ

ಗ್ರಾಮರ್ಸಿಯಲ್ಲಿ ಪಾತ್ರೆ ತಾಳಬಹುದಾದುದಕ್ಕಿಂತ ಹೆಚ್ಚು ಒತ್ತಡ ಬಂದಿತ್ತು. ಒತ್ತಡ ಮಿತಿಯೊಳಗೇ ಇದ್ದು ಪಾತ್ರೆಯೇ ಸೋಲುವುದು ಇನ್ನೊಂದು ಬಗೆ. ಇದರ ನಿದರ್ಶನ ಲೋಹೋದ್ಯಮಕ್ಕೆ ಪಕ್ಕದ ಉದ್ಯಮವೊಂದರಿಂದ ಬರುತ್ತದೆ. ಅಲ್ಲಿ ತಯಾರಾಗುತ್ತಿದ್ದುದು ಲೋಹವಲ್ಲ, ಕ್ವಾರ್ಟ್ಜ್ ಹರಳು. ಆದರೆ ಪಾತ್ರೆ ಉಕ್ಕಿನದೇ, ಒಳಗಿನ ದ್ರಾವಣವೂ ಡೈಜೆಸ್ಟರಿನಲ್ಲಿರುವ ಅದೇ ಕಾಸ್ಟಿಕ್ ಸೋಡಾ.

ಅಮೆರಿಕದ ಇಲಿನಾಯ್ ರಾಜ್ಯದ ಬೆಲ್ವಿಡಿಯರ್ ಪಟ್ಟಣದಲ್ಲಿದ್ದ ಎನ್‌ಡಿಕೆ ಕ್ರಿಸ್ಟಲ್ ಎಂಬ ಕಾರ್ಖಾನೆಯ ಪಾತ್ರೆಗಳು ಸುಮಾರು 15 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆಯವು. ಒಳಗಿನ ತಾಪ ಸುಮಾರು 370 ಡಿಗ್ರಿ, ಒತ್ತಡ ವಾತಾವರಣದ ಸುಮಾರು ಎರಡು ಸಾವಿರ ಪಟ್ಟು. 2003ರಲ್ಲಿ ಬಳಕೆ ಆರಂಭವಾಯಿತು. 2009ರ ಡಿಸೆಂಬರ್ 7ರಂದು ಅವುಗಳಲ್ಲೊಂದು ಒಡೆಯಿತು. ಸುಮಾರು ನಾಲ್ಕು ಟನ್ ತೂಕದ ಉಕ್ಕಿನ ತುಂಡು 130 ಮೀಟರ್ ದೂರ ಹಾರಿ ಪಕ್ಕದ ಇನ್ನೊಂದು ವ್ಯವಹಾರ ಸ್ಥಳಕ್ಕೆ ನುಗ್ಗಿತು. ಕಟ್ಟಡದ ಕಬ್ಬಿಣದ ತೊಲೆಯೊಂದು ಸುಮಾರು 200 ಮೀಟರ್ ಆಚೆ, ಹೆದ್ದಾರಿ ಬದಿಯ ಇಂಧನ ನಿಲ್ದಾಣದಲ್ಲಿದ್ದ ಲಾರಿ ಚಾಲಕನಿಗೆ ಬಡಿದು ಆತ ಮೃತಪಟ್ಟ. ಆತನಿಗೂ ಆ ಕಾರ್ಖಾನೆಗೂ ಯಾವ ಸಂಬಂಧವೂ ಇರಲಿಲ್ಲ.

ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯು 2013ರಲ್ಲಿ ಪ್ರಕಟಿಸಿದ ವರದಿ ಕಾರಣವನ್ನು ಗುರುತಿಸಿತು. ಬಿಸಿ ಕಾಸ್ಟಿಕ್ ಸೋಡಾ, ಉಕ್ಕಿನೊಳಗಿನ ಬಿಗಿತ, ಇವೆರಡೂ ಕೂಡಿದಲ್ಲಿ ಹುಟ್ಟುವ ಬಿರುಕು. ಪಾತ್ರೆಯ ಒಳಗೋಡೆಯ ಮೇಲೆ ಅಕ್ಮೈಟ್ ಎಂಬ ಖನಿಜದ ಪದರ ತಾನಾಗಿ ಕೂರುತ್ತಿತ್ತು. ಆ ಪದರವೇ ಉಕ್ಕನ್ನು ಕಾಯುತ್ತದೆಂಬ ನಂಬಿಕೆಯಿಂದ ಬಿರುಕು ಹುಡುಕುವ ನಿಯತ ಪರೀಕ್ಷೆ ನಡೆಯುತ್ತಿರಲಿಲ್ಲ. ಇಪ್ಪತ್ತು ಸೆಂಟಿಮೀಟರ್ ದಪ್ಪದ ಉಕ್ಕನ್ನು ಕಂಡವರಿಗೆ ಆ ನಂಬಿಕೆ ಅಸಹಜವೂ ಅನಿಸುವುದಿಲ್ಲ. ಸಾಮಾನ್ಯ ಯಂತ್ರಕ್ಕೆ ನಮ್ಮ ಅನುಸೂಚಿ ನೀಡುವ 15 ವರ್ಷದ ಅಳತೆಯಲ್ಲಿ ಅದಕ್ಕೆ ಇನ್ನೂ ಒಂಬತ್ತು ವರ್ಷ ಬಾಕಿಯಿರುತ್ತಿತ್ತು.

ಕಾಸ್ಟಿಕ್ ಬಿರುಕು ಹೊಸ ಸಂಗತಿಯೇನಲ್ಲ. ರಿವೆಟ್ ಹೊಡೆದ ಬಾಯ್ಲರುಗಳ ಕಾಲದಿಂದಲೂ ಅದು ಪರಿಚಿತ. ಬೆಸುಗೆ ಹಾಕಿದ ಜಾಗದ ಸುತ್ತ ಉಕ್ಕು ಬಿಸಿಯಾಗಿ ತಣಿಯುವಾಗ ಒಳಗೆ ಬಿಗಿತ ಉಳಿದುಹೋಗುತ್ತದೆ. ಆದ್ದರಿಂದ ಬಿಸಿ ಕಾಸ್ಟಿಕ್ ಸೋಡಾಕ್ಕೆ ಬಳಸುವ ಇಂಗಾಲ ಉಕ್ಕಿನ ಪಾತ್ರೆಯನ್ನು ಬೆಸುಗೆಯ ನಂತರ ಸುಮಾರು 600 ಡಿಗ್ರಿಗೆ ಕಾಯಿಸಿ ನಿಧಾನವಾಗಿ ತಣಿಸಿ ಆ ಬಿಗಿತವನ್ನು ಕಳೆಯುತ್ತಾರೆ. ಹತ್ತು ವರ್ಷದ ನಂತರ ಯಾರೋ ಒಬ್ಬರು ಅದೇ ಪಾತ್ರೆಯ ಹೊರಗೋಡೆಗೆ ಏಣಿ ಸಿಕ್ಕಿಸಲು ಒಂದು ಕೊಂಡಿಯನ್ನು ಬೆಸೆದು ಹೋದರೆ, ಕಳೆದಿದ್ದ ಬಿಗಿತ ಆ ಜಾಗದಲ್ಲಿ ಮರಳಿ ಬರುತ್ತದೆ. ರಿಪೇರಿ ಖರ್ಚಿನ ಖಾತೆಯಲ್ಲಿ ಅದು ಕೆಲವು ನೂರು ರೂಪಾಯಿಗಳ ಒಂದು ಚೀಟಿ.

ಮಿಲಿಮೀಟರುಗಳಲ್ಲಿ ಸವಕಳಿ

ಉಕ್ಕಿನ ಸವಕಳಿಗೂ ಒಂದು ಲೆಕ್ಕವಿದೆ. ಲೆಕ್ಕಪತ್ರ ಬಲ್ಲವರಿಗೆ ಅದು ಕಷ್ಟವಾಗದು. ಒಂದು ಪಾತ್ರೆಯ ಗೋಡೆ ಹೊಸತಾಗಿದ್ದಾಗ 20 ಮಿಲಿಮೀಟರ್ ಇತ್ತು, ಅದರ ಒತ್ತಡಕ್ಕೆ ಕನಿಷ್ಠ 15 ಮಿಲಿಮೀಟರ್ ಬೇಕು ಎಂದಿಟ್ಟುಕೊಳ್ಳೋಣ. ಹತ್ತು ವರ್ಷದ ನಂತರ ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದಾಗ 18 ಮಿಲಿಮೀಟರ್ ಕಂಡಿತು. ವರ್ಷಕ್ಕೆ ಸವೆತ 0.2 ಮಿಲಿಮೀಟರ್, ಕನಿಷ್ಠ ಮಿತಿಗೆ ಇನ್ನುಳಿದುದು 3 ಮಿಲಿಮೀಟರ್, ಆದ್ದರಿಂದ ಉಳಿದ ಆಯುಷ್ಯ 15 ವರ್ಷ. ಪುಸ್ತಕದ ಪ್ರಕಾರ 5 ವರ್ಷ ಮಾತ್ರ ಉಳಿದಿದ್ದ ಪಾತ್ರೆಗೆ ಉಕ್ಕಿನ ಪ್ರಕಾರ ಮೂರು ಪಟ್ಟು ಆಯುಷ್ಯವಿದೆ. ಮಾಲೀಕನಿಗೆ ಸಂತೋಷದ ಸುದ್ದಿ.

ಆದರೆ ಅದೇ ಪಾತ್ರೆಯಲ್ಲಿ, ದ್ರಾವಣ ರಭಸದಿಂದ ಒಳನುಗ್ಗುವ ನಾಜಲ್ ಬಳಿ ಅಳೆದಾಗ 16 ಮಿಲಿಮೀಟರ್ ಸಿಕ್ಕಿತೆನ್ನಿ. ಅಲ್ಲಿ ವರ್ಷಕ್ಕೆ ಸವೆತ 0.4; ಅಲ್ಲಿಗೂ 15 ಮಿಲಿಮೀಟರೇ ಬೇಕಾದರೆ ಉಳಿದುದು ಕೇವಲ 1 ಮಿಲಿಮೀಟರ್; ಆಯುಷ್ಯ ಎರಡೂವರೆ ವರ್ಷ. ಪಾತ್ರೆಗೆ ಸರಾಸರಿ ಆಯುಷ್ಯ ಎಂಬುದಿಲ್ಲ. ಅದರ ಅತ್ಯಂತ ದುರ್ಬಲ ಜಾಗಕ್ಕಿರುವ ಆಯುಷ್ಯವೇ ಅದರ ಆಯುಷ್ಯ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ 510ನೆಯ ಸಂಹಿತೆಯು ಹೀಗೆ ಕಂಡುಹಿಡಿದ ಉಳಿದ ಆಯುಷ್ಯದ ಅರ್ಧ ಅಥವಾ 10 ವರ್ಷ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟರೊಳಗೆ ಮುಂದಿನ ಒಳಪರೀಕ್ಷೆ ನಡೆಯಬೇಕೆನ್ನುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಹದಿನೈದು ತಿಂಗಳು. ಇನ್ನು ಬಿರುಕಿನ ಮಟ್ಟಿಗೆ ಈ ಲೆಕ್ಕ ಯಾವ ಉಪಯೋಗಕ್ಕೂ ಬಾರದು. ಬಿರುಕು ಬಿಟ್ಟ ಗೋಡೆಯ ದಪ್ಪ ಕಡಿಮೆಯಾಗಿರುವುದಿಲ್ಲ. ಅದಕ್ಕೆ ಬಣ್ಣದ ದ್ರವ, ಅಯಸ್ಕಾಂತ ಪುಡಿ, ಅಲ್ಟ್ರಾಸಾನಿಕ್ ಮುಂತಾದ ಬೇರೆ ಪರೀಕ್ಷೆಗಳೇ ಬೇಕು.

ತಾಪ ಇನ್ನೂ ಹೆಚ್ಚಿದಾಗ, ಸಾಮಾನ್ಯ ಇಂಗಾಲ ಉಕ್ಕಿಗಾದರೆ ಸುಮಾರು 400 ಡಿಗ್ರಿಯ ಆಚೀಚೆ, ಮೂರನೆಯ ಶತ್ರು ಬರುತ್ತದೆ. ಭಾರ ಹೊತ್ತ ಉಕ್ಕು ಕಾದ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ. ಇದಕ್ಕೆ ಕ್ರೀಪ್ ಎಂದು ಹೆಸರು. ಇಲ್ಲಿ ವಿನ್ಯಾಸದ ಮಿತಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿಗೆ ಓಡಿಸಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಉತ್ಪಾದನೆ ಹೆಚ್ಚಿಸಲು ತಾಪವನ್ನು ‘ಸ್ವಲ್ಪ’ ಏರಿಸಿದ ಮೇಲ್ವಿಚಾರಕನಿಗೆ ಆ ತಿಂಗಳು ಪ್ರಶಂಸೆ ಸಿಗಬಹುದು. ವ್ಯಯವಾದ ಆಯುಷ್ಯ ಯಾವ ಖಾತೆಯಲ್ಲೂ ಖರ್ಚು ಬೀಳುವುದಿಲ್ಲ.

ಸಣ್ಣ ಫೌಂಡ್ರಿಯ ದೊಡ್ಡ ಎಣಿಕೆ

ಡೈಜೆಸ್ಟರ್ ದೊಡ್ಡವರ ಆಸ್ತಿ. ಸಣ್ಣ ತಯಾರಕರ ಅಂಗಳದಲ್ಲಿರುವುದು ಬೇರೆ ಪಾತ್ರೆಗಳು. ಮೇಣದ ಮಾದರಿಯಿಂದ ಎರಕ ಹೊಯ್ಯುವ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಘಟಕಗಳಲ್ಲಿ ಮೇಣ ಕರಗಿಸುವ ಆಟೊಕ್ಲೇವ್ ಇರುತ್ತದೆ. ಮೇಣದ ಮಾದರಿಯ ಸುತ್ತ ಸಿರಾಮಿಕ್ ಕವಚ ಕಟ್ಟಿದ ಮೇಲೆ ಒಳಗಿನ ಮೇಣವನ್ನು ಹೊರತೆಗೆಯಬೇಕು. ನಿಧಾನವಾಗಿ ಕಾಯಿಸಿದರೆ ಮೇಣ ಹಿಗ್ಗಿ ಕವಚವೇ ಸೀಳುತ್ತದೆ. ಆದ್ದರಿಂದ ಪಾತ್ರೆಯೊಳಗಿಟ್ಟು ಬಾಗಿಲು ಮುಚ್ಚಿ ಕೆಲವೇ ಸೆಕೆಂಡುಗಳಲ್ಲಿ ಸುಮಾರು 8 ಬಾರ್ ಒತ್ತಡದ, ಅಂದರೆ ಸುಮಾರು 175 ಡಿಗ್ರಿಯ ಆವಿಯನ್ನು ನುಗ್ಗಿಸುತ್ತಾರೆ. ಕೆಲವು ನಿಮಿಷಗಳ ನಂತರ ಒತ್ತಡ ಇಳಿಸಿ ಬಾಗಿಲು ತೆರೆದು ಮುಂದಿನ ಸರದಿ.

ತಾಪ, ಒತ್ತಡ ಎರಡೂ ಡೈಜೆಸ್ಟರಿಗೆ ಹೋಲಿಸಿದರೆ ಕಡಿಮೆಯೇ. ಆದರೆ ದಿನಕ್ಕೆ 30 ಸರದಿ, ವರ್ಷಕ್ಕೆ 300 ದಿನ ಎಂದರೂ ವರ್ಷಕ್ಕೆ 9,000 ಬಾರಿ ಪಾತ್ರೆ ಹಿಗ್ಗಿ ಕುಗ್ಗುತ್ತದೆ. 15 ವರ್ಷಕ್ಕೆ 1,35,000 ಬಾರಿ. ತಂತಿಯನ್ನು ಪದೇಪದೇ ಬಗ್ಗಿಸಿದರೆ ತುಂಡಾಗುವ ಹಾಗೆ, ಉಕ್ಕು ಈ ಏರಿಳಿತಗಳಿಂದ ದಣಿಯುತ್ತದೆ. ಬೃಹತ್ ಡೈಜೆಸ್ಟರು ವರ್ಷದಲ್ಲಿ ಬೆರಳೆಣಿಕೆಯಷ್ಟು ಬಾರಿ ಮಾತ್ರ ನಿಂತು ಹೊರಡುತ್ತದೆ. ಅದಕ್ಕೆ ಈ ದಣಿವು ಅಷ್ಟಾಗಿ ಬಾಧಿಸದು.

ಇಲ್ಲೊಂದು ವಿಚಿತ್ರವಿದೆ. ಎರಡನೆಯ ಅನುಸೂಚಿಯು ಹಲವು ಯಂತ್ರಗಳಿಗೆ ಎರಡು ಪಾಳಿಯಾದರೆ ಶೇ. 50, ಮೂರು ಪಾಳಿಯಾದರೆ ಶೇ. 100 ಹೆಚ್ಚುವರಿ ಸವಕಳಿ ವಿಧಿಸುತ್ತದೆ. ಹೆಚ್ಚು ಗಂಟೆ ಓಡಿದ ಯಂತ್ರ ಹೆಚ್ಚು ಸವೆಯುತ್ತದೆಂಬ ತರ್ಕ ಲೇತ್ ಯಂತ್ರಕ್ಕೆ ಸರಿ. ಒಂದೇ ಪಾಳಿ ಓಡಿಸಿ ದಿನವೂ ರಾತ್ರಿ ತಣಿಸಿ ಬೆಳಗ್ಗೆ ಕಾಯಿಸುವ ಪಾತ್ರೆಯು, ಮೂರು ಪಾಳಿ ಸತತವಾಗಿ ಒಂದೇ ತಾಪದಲ್ಲಿರುವ ಪಾತ್ರೆಗಿಂತ ಹೆಚ್ಚು ದಣಿಯಬಹುದು. ಅನುಸೂಚಿ ಗಂಟೆಗಳನ್ನು ಎಣಿಸುತ್ತದೆ, ಉಕ್ಕು ಏರಿಳಿತಗಳನ್ನು.

ವಿಮಾನ ಎಂಜಿನ್ ಬಿಡಿಭಾಗಗಳ ಎರಕದಲ್ಲಿ ಉಳಿದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಲು ಬಳಸುವ ಹಾಟ್ ಐಸೊಸ್ಟ್ಯಾಟಿಕ್ ಪ್ರೆಸ್ ಈ ವಿಷಯದಲ್ಲಿ ಅನುಕರಣೀಯ. 1955ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಈ ಯಂತ್ರದೊಳಗೆ ಆರ್ಗಾನ್ ಅನಿಲ ಸಾವಿರ ಬಾರ್ ಒತ್ತಡದಲ್ಲಿ, ಸಾವಿರ ಡಿಗ್ರಿಗೂ ಮೀರಿದ ತಾಪದಲ್ಲಿರುತ್ತದೆ. ಕುಲುಮೆಯನ್ನು ಪಾತ್ರೆಯ ಒಳಗಿಟ್ಟು, ಗೋಡೆಯನ್ನು ನೀರಿನಿಂದ ತಂಪಾಗಿಡುತ್ತಾರೆ. ಅದರ ಆಯುಷ್ಯವನ್ನು ಎಣಿಸುವುದು ಸರದಿಗಳಲ್ಲಿ. ಎಷ್ಟು ಸರದಿ ಕಳೆಯಿತೆಂಬುದು ಯಂತ್ರದ ದಾಖಲೆಯಲ್ಲೇ ಇರುತ್ತದೆ.

ಮೇಣದ ಆಟೊಕ್ಲೇವಿನ ಬಾಗಿಲ ಬಗ್ಗೆಯೂ ಒಂದು ಮಾತು. ಒಳಗೆ ಅರ್ಧ ಬಾರ್ ಒತ್ತಡ ಉಳಿದಿದೆ ಎಂದರೆ ಗೇಜಿನ ಮುಳ್ಳು ಸೊನ್ನೆಯಿಂದ ಅಲುಗಿದಂತೆಯೇ ತೋರುವುದಿಲ್ಲ. ಒಂದು ಮೀಟರ್ ವ್ಯಾಸದ ಬಾಗಿಲ ಮೇಲೆ ಅದು ಸುಮಾರು 4 ಟನ್ ನೂಕುಬಲ. ಒತ್ತಡ ಪೂರ್ಣ ಇಳಿಯುವವರೆಗೆ ಬಾಗಿಲು ತೆರೆಯದಂತೆ ತಡೆಯುವ ಇಂಟರ್‌ಲಾಕ್ ಇರುವುದು ಇದಕ್ಕಾಗಿಯೇ. ಸಮಯ ಉಳಿಸಲು ಅದನ್ನು ತಂತಿ ಕಟ್ಟಿ ನಿಷ್ಕ್ರಿಯಗೊಳಿಸುವ ಅಭ್ಯಾಸವಿರುವಲ್ಲಿ, ಉಳಿದದ್ದು ಸರದಿಗೆ ಅರ್ಧ ನಿಮಿಷ. ಬಾಗಿಲ ಎದುರು ನಿಂತಿರುವವನು ಆಪರೇಟರ್.

ಕಾನೂನಿನ ಕಣ್ಣು

ಕಾನೂನು ಈ ಕ್ಷೇತ್ರಕ್ಕೆ ಪ್ರತಿಬಾರಿಯೂ ಸಾವಿನ ಹಿಂದೆಯೇ ಬಂದಿದೆ. 1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸ್ಫೋಟದಿಂದ 1864ರ ಬಂಗಾಳ ಕಾಯಿದೆ ಹುಟ್ಟಿತು. 1905ರಲ್ಲಿ ಅಮೆರಿಕದ ಬ್ರಾಕ್ಟನ್ ಪಟ್ಟಣದ ಪಾದರಕ್ಷೆ ಕಾರ್ಖಾನೆಯಲ್ಲಿ 58 ಮಂದಿ ಮೃತಪಟ್ಟ ಬಳಿಕ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಬಾಯ್ಲರ್ ಸಂಹಿತೆಗೆ ದಾರಿಯಾಯಿತು. ಇಂದು ನಮ್ಮ ಫ್ಯಾಬ್ರಿಕೇಟರುಗಳ ಬಾಯಲ್ಲಿ ‘ಎಎಸ್‌ಎಂಇ’ ಎಂದು ಸುಳಿದಾಡುವ ಸಂಹಿತೆ ಅದೇ. ಭಾರತದಲ್ಲಿ 1923ರ ಬಾಯ್ಲರ್ ಅಧಿನಿಯಮದ ಜಾಗಕ್ಕೆ 2025ರಲ್ಲಿ ಹೊಸ ಅಧಿನಿಯಮ ಬಂದಿದೆ. ಬಾಯ್ಲರ್ ಅಲ್ಲದ ಒತ್ತಡ ಪಾತ್ರೆಗಳ ಮಟ್ಟಿಗೆ 1948ರ ಕಾರ್ಖಾನೆ ಅಧಿನಿಯಮದ 31ನೆಯ ಪ್ರಕರಣವು ಸುರಕ್ಷಿತ ಒತ್ತಡ ಮೀರದಂತೆ ಪರಿಣಾಮಕಾರಿ ಕ್ರಮಗಳನ್ನು ಕೈಗೊಳ್ಳುವ ಹೊಣೆಯನ್ನು ಹೊರಿಸಿತ್ತು. ರಾಜ್ಯಗಳ ನಿಯಮಗಳು ನಿಯತಕಾಲಿಕ ಪರೀಕ್ಷೆಗಳನ್ನು ವಿಧಿಸಿದ್ದವು. 2025ರ ನವೆಂಬರ್ 21ರಿಂದ ಆ ಅಧಿನಿಯಮವು ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರಲ್ಲಿ ವಿಲೀನವಾಗಿದೆ. ಹೆಸರು ಬದಲಾಯಿತೆಂದು ಪರೀಕ್ಷೆಯ ಹೊಣೆ ತಪ್ಪಿತೆಂದು ಯಾರೂ ಭಾವಿಸತಕ್ಕದ್ದಲ್ಲ.

ಪರೀಕ್ಷಾ ಪ್ರಮಾಣಪತ್ರ ಕಡತದಲ್ಲಿದ್ದ ಮಾತ್ರಕ್ಕೆ ನಿಶ್ಚಿಂತರಾಗುವುದೂ ಸಲ್ಲದು. ನೀರು ತುಂಬಿ ನಡೆಸುವ ಜಲಪರೀಕ್ಷೆಯು ಪಾತ್ರೆ ಇಂದು ಒಡೆಯಲಿಲ್ಲವೆಂದು ಹೇಳುತ್ತದೆ. ಒಡೆಯುವ ಹಂತ ತಲುಪದ ಬಿರುಕು ಒಳಗೆ ಬೆಳೆಯುತ್ತಿದ್ದರೆ ಅದು ಆ ಪರೀಕ್ಷೆಗೆ ಕಾಣದೇ ಹೋಗಬಹುದು.

ಖರೀದಿ, ಖಾತೆ, ವಿಮೆ

ಸಣ್ಣ ಉದ್ಯಮಿ ಹೊಸ ಪಾತ್ರೆಗಿಂತ ಸೆಕೆಂಡ್ ಹ್ಯಾಂಡ್ ಪಾತ್ರೆ ಕೊಳ್ಳುವುದೇ ಹೆಚ್ಚು. ಮುಚ್ಚಿದ ಕಾರ್ಖಾನೆಯ ಹರಾಜಿನಲ್ಲಿ, ಗುಜರಿ ವ್ಯಾಪಾರಿಯ ಅಂಗಳದಲ್ಲಿ ಹೊಸದರ ಕಾಲು ಬೆಲೆಗೆ ಸಿಕ್ಕರೆ ಆಸೆ ಸಹಜ. ಆದರೆ ಅಲ್ಲಿ ಮಾರಾಟಕ್ಕಿರುವುದು ಉಕ್ಕು. ಅದರ ಇತಿಹಾಸವು ಬೆಲೆಯಲ್ಲಿ ಸೇರಿರುವುದಿಲ್ಲ. ತಯಾರಕರ ನೇಮ್ ಪ್ಲೇಟು, ವಿನ್ಯಾಸದ ಒತ್ತಡ ಮತ್ತು ತಾಪ, ತಟ್ಟೆಯ ಪರೀಕ್ಷಾ ಪ್ರಮಾಣಪತ್ರ, ಒಳಗೆ ಯಾವ ದ್ರವವಿತ್ತು, ಎಲ್ಲಿ ರಿಪೇರಿ ಬೆಸುಗೆಯಾಗಿದೆ ಎಂಬ ವಿವರಗಳಿಲ್ಲದ ಪಾತ್ರೆಗೆ ಒತ್ತಡ ಪಾತ್ರೆಯ ಬೆಲೆ ಕೊಡುವುದು ಅವಿವೇಕ. ಕಾಸ್ಟಿಕ್ ಸೋಡಾ ಕುಡಿದು ಬಂದ ಪಾತ್ರೆಯನ್ನು ಆವಿಗೆ ಬಳಸಲು ಕೊಂಡವರಿಗೆ ಹಿಂದಿನ ಮಾಲೀಕನ ಬಿರುಕುಗಳೂ ಉಚಿತವಾಗಿ ದೊರೆಯಬಹುದು.

ಪರೀಕ್ಷೆಯ ವೆಚ್ಚವನ್ನು ಲಾಭ ತಿನ್ನುವ ಖರ್ಚೆಂದು ಮುಂದೂಡುವವರಿಗೆ ಲೆಕ್ಕಪತ್ರ ಮಾನದಂಡವೇ ಒಂದು ದಾರಿ ತೋರಿಸಿದೆ. ಪರಿಷ್ಕೃತ ಎಎಸ್ 10, ಹಾಗೆಯೇ ಇಂಡ್ ಎಎಸ್ 16, ಪ್ರಮುಖ ನಿಯತಕಾಲಿಕ ಪರಿಶೀಲನೆಯ ವೆಚ್ಚವನ್ನು, ಮಾನ್ಯತೆಯ ಷರತ್ತುಗಳು ಪೂರೈಸಿದಲ್ಲಿ, ಆಸ್ತಿಯ ಮೌಲ್ಯಕ್ಕೆ ಸೇರಿಸುತ್ತವೆ. ಹಿಂದಿನ ಪರಿಶೀಲನೆಯ ಉಳಿದ ಮೊತ್ತವನ್ನು ತೆಗೆದುಹಾಕಬೇಕು. ಅಂದರೆ ನಾಲ್ಕು ವರ್ಷಕ್ಕೊಮ್ಮೆಯ ದೊಡ್ಡ ಪರೀಕ್ಷೆಯ ಹೊರೆ ಒಂದೇ ವರ್ಷದ ಲಾಭದ ಮೇಲೆ ಬೀಳದೆ ನಾಲ್ಕು ವರ್ಷಗಳಿಗೆ ಹಂಚಿಹೋಗುತ್ತದೆ. ಪಾತ್ರೆಯ ಆಯುಷ್ಯ ಅನುಸೂಚಿಗಿಂತ ಕಡಿಮೆಯೆಂದು ತಾಂತ್ರಿಕ ಸಲಹೆ ಬಂದರೆ ಆ ಕಡಿಮೆ ಅವಧಿಯನ್ನೇ ಹಿಡಿಯಲು, ಸಮರ್ಥನೆಯನ್ನು ಲೆಕ್ಕಪತ್ರಗಳಲ್ಲಿ ಪ್ರಕಟಿಸುವ ಷರತ್ತಿನ ಮೇಲೆ, ಅನುಸೂಚಿಯೇ ಅವಕಾಶ ನೀಡಿದೆ. ಈ ಅವಕಾಶವನ್ನು ಬಳಸಬೇಕಾದರೆ ತಾಂತ್ರಿಕ ವಿಭಾಗದ ಅಳತೆಪಟ್ಟಿ ಲೆಕ್ಕ ವಿಭಾಗದ ಮೇಜಿಗೆ ಬರಬೇಕು. ಅನೇಕ ಕಡೆ ಬರುವುದಿಲ್ಲ. ಸ್ಥಿರಾಸ್ತಿ ವಹಿಯಲ್ಲಿ ಪ್ರತಿ ಒತ್ತಡ ಪಾತ್ರೆಗೆ ಒಂದು ಪುಟ ಹೆಚ್ಚಿಗೆ ತೆರೆದು, ಅಳೆದ ದಪ್ಪ, ಕಳೆದ ಸರದಿಗಳು, ಮಿತಿ ಮೀರಿದ ತಾಪದ ದಿನಗಳು, ಹಾಕಿದ ಬೆಸುಗೆ, ಸೇಫ್ಟಿ ವಾಲ್ವನ್ನು ಬಿಚ್ಚಿ ಪರೀಕ್ಷಿಸಿದ ದಿನಾಂಕ ಇವನ್ನು ಬರೆದಿಡಲು ಒಬ್ಬ ಗುಮಾಸ್ತನ ವಾರಕ್ಕೆ ಅರ್ಧ ಗಂಟೆ ಸಾಕು.

ವಿಮೆಯ ವಿಷಯದಲ್ಲಿ ಹಲವರು ಎಡವುತ್ತಾರೆ. ಸಾಮಾನ್ಯ ಅಗ್ನಿ ವಿಮೆಯಿದ್ದರೆ ಸ್ಫೋಟವೂ ಅದರಲ್ಲಿ ಸೇರಿದೆಯೆಂಬುದು ಪೂರ್ಣ ಸತ್ಯವಲ್ಲ. ಬಾಯ್ಲರಾಗಲಿ ಆವಿ ಉತ್ಪಾದಿಸುವ ಇತರ ಪಾತ್ರೆಯಾಗಲಿ ತಾನೇ ಸಿಡಿದರೆ ಆ ಪಾತ್ರೆಗಾದ ಹಾನಿಯನ್ನು ಅಂಥ ಪಾಲಿಸಿಗಳು ವಾಡಿಕೆಯಾಗಿ ಹೊರಗಿಟ್ಟಿವೆ. ಬಾಯ್ಲರ್ ಮತ್ತು ಪ್ರೆಷರ್ ಪ್ಲಾಂಟ್ ವಿಮೆ ಬೇರೆಯೇ ಉಂಟು. ಪಾತ್ರೆಗಾದ ಹಾನಿ, ಸುತ್ತಲಿನ ಸ್ವಂತ ಆಸ್ತಿ, ಹೊರಗಿನವರಿಗಾದ ಹಾನಿಯ ಹೊಣೆ, ಇವು ಅದರ ವ್ಯಾಪ್ತಿಗೆ ಬರುತ್ತವೆ. ಕೊನೆಯದು ಎಷ್ಟು ದೂರ ತಲುಪಬಲ್ಲದೆಂಬುದಕ್ಕೆ ಬೆಲ್ವಿಡಿಯರ್‌ನ 200 ಮೀಟರ್ ಅಳತೆ ಇದೆ.

ಕೊನೆಗೆ ಆ ಶೇ. 5ರ ಉಳಿಕೆ ಮೌಲ್ಯ. ಆಯುಷ್ಯ ಮುಗಿದ ಪಾತ್ರೆಯನ್ನು ಇಡಿಯಾಗಿ ಮಾರಿದರೆ ಎರಡು ಕಾಸು ಹೆಚ್ಚು ಬರುತ್ತದೆ, ಯಾರೋ ಅದಕ್ಕೆ ಬಣ್ಣ ಬಳಿದು ಮತ್ತೆ ಒತ್ತಡಕ್ಕೆ ಹಾಕುತ್ತಾರೆಂಬ ಕಾರಣಕ್ಕೆ. ನೇಮ್ ಪ್ಲೇಟು ಕಿತ್ತು, ಒಳಗಿನ ದ್ರವ ಮತ್ತು ಆವಿ ಪೂರ್ಣ ಹೊರಹೋದುದನ್ನು ಖಚಿತಪಡಿಸಿಕೊಂಡು, ಗ್ಯಾಸ್ ಕಟರಿನಿಂದ ಗೋಡೆಯನ್ನು ಎರಡು ಮೂರು ಕಡೆ ಸೀಳಿ, ‘ಗುಜರಿ ಉಕ್ಕು, ತೂಕದ ಲೆಕ್ಕದಲ್ಲಿ’ ಎಂದು ಬಿಲ್ಲಿನಲ್ಲಿ ಬರೆದು ಮಾರುವುದೇ ಸರಿಯಾದ ಕ್ರಮ. ಬೆಲೆಯ ವ್ಯತ್ಯಾಸವನ್ನು ನಷ್ಟದ ಖಾತೆಗೆ ಹಾಕಿಕೊಳ್ಳಲು ಲೆಕ್ಕಪತ್ರ ವಿಧಾನದಲ್ಲಿ ಯಾವ ಅಡ್ಡಿಯೂ ಇಲ್ಲ.